ಉಳ್ಳಾಗಡ್ಡಿ ಬಣ್ಣದ ಸೈಕಲ್

"ಅಜ್ಜಾರ, ಒಂದು ಮಾತು ಕೇಳತೀನ್ರಿ. ಹುಡುಕೂ ವಸ್ತು ಸಿಗೂದಿಲ್ಲಂತ ಗುರುವಿಗೆ ಗೊತ್ತಿದ್ದೂ, ಶಿಷ್ಯನ್ನ ಹುಡುಕಾಕ ಬಿಟ್ರ ಅದು ಮೋಸ ಅಲ್ಲೇನ್ರಿ?"

ಕೇಳಿದವನು ರೇವಯ್ಯ. ಅವನು ಮಠಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಮಠದ ಹಳೆಯ ತಾಳೆಗರಿ ಗ್ರಂಥವೊಂದರಲ್ಲಿ ನಡುವಿನ ಒಂದು ಗರಿ ಇರಲಿಲ್ಲ. ಅದನ್ನು ಹುಡುಕಿ ಗ್ರಂಥ ಪೂರ್ತಿ ಮಾಡುತ್ತೇನೆಂದು ಬಂದವನನ್ನು ಮಠದ ಸ್ವಾಮಿಗಳಾದ ಅಜ್ಜಾರು ಅಟ್ಟ ಹತ್ತಿಸಿದ್ದರು. ಅಟ್ಟದ ತುಂಬ ಗರಿಗಳ ಕಟ್ಟುಗಳು. ಒಂದೊಂದನ್ನೇ ಬಿಚ್ಚಿ, ಒರೆಸಿ, ಓದಿ, ಮತ್ತೆ ಕಟ್ಟಿಡುವುದು ಅವನ ಕೆಲಸ. ಸಂಜೆ ಕೆಳಗಿಳಿದು ಅಂದು ಓದಿದ್ದನ್ನು ಅಜ್ಜಾರಿಗೆ ಹೇಳುವುದು ರೂಢಿ. ಈಗ ಅಟ್ಟದಲ್ಲಿ ಒಂದೇ ಒಂದು ಕಟ್ಟು ಉಳಿದಿತ್ತು. ಅದು ಮುಗಿದರೆ ರೇವಯ್ಯನಿಗೆ ಮಠದಲ್ಲಿ ಇರಲು ಕಾರಣ ಉಳಿಯುತ್ತಿರಲಿಲ್ಲ.

ಅಜ್ಜಾರು ಶಿಷ್ಯನ ಮುಖ ನೋಡಿದರು. ಅವನು ಅವರನ್ನು ನೋಡುತ್ತಿರಲಿಲ್ಲ. ಅವರ ಮಗ್ಗುಲಲ್ಲಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ನೋಡುತ್ತಿದ್ದ. ಮೋಸ ಎನ್ನುವುದು ದೊಡ್ಡ ಮಾತಾಯಿತು, ಮೊದಲು ಕೂಡು ಎಂದರು ಅಜ್ಜಾರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಬ್ಬ ಸೈಕಲ್ ಸವಾರನಿದ್ದ. ನಮ್ಮ ಸೀಮೆಯವನೇ. ನಮ್ಮಲ್ಲಿ ಸೈಕಲ್ ರೇಸ್ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಜನ ಕೈಯಲ್ಲಿದ್ದ ಕೆಲಸ ಬಿಟ್ಟು ರಸ್ತೆಯ ಎರಡೂ ಬದಿ ಬಂದು ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ. ಸ್ವಾಮಿಯಾದವನು ಸೀಟಿ ಹೊಡೆಯಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಸವಾರನ ಹತ್ತಿರ ಇಟಲಿ ದೇಶದ ಒಂದು ರೇಸ್ ಸೈಕಲ್ ಇತ್ತು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಬಾಗಿದ ಹ್ಯಾಂಡಲ್. ಒಂದು ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಳ್ಳುವಷ್ಟು ಹಗುರ. ಅಂಥವು ಈ ಕಡೆಗೆ ಬಂದದ್ದೇ ಮೂರು. ಮುಂಬೈಯಿಂದ ಬಿಡಿಬಿಡಿಯಾಗಿ ಬಂದ ಅದನ್ನು ಜೋಡಿಸಿದವನು ಊರಿನ ಸೈಕಲ್ ಮಿಸ್ತ್ರಿ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಬೆರಳಿನಿಂದ ಮೀಟಿ, ಎಲ್ಲ ಕಡ್ಡಿಗಳೂ ಒಂದೇ ದನಿ ಕೊಡುವವರೆಗೆ ಅವನು ಬಿಡಲಿಲ್ಲ. ಸವಾರ ಊಟ ತಂದುಕೊಟ್ಟು ಎರಡು ದಿನ ಪಕ್ಕದಲ್ಲೇ ಕೂತಿದ್ದ. ಆಗ ಅವನಿಗೆ ಹತ್ತೊಂಬತ್ತು ವರ್ಷ, ಮಿಸ್ತ್ರಿಗೆ ಮೂವತ್ತು. ಇವನು ಅವನನ್ನು ಕಾಕಾ ಎಂದ, ಅವನು ಇವನನ್ನು ತಮ್ಮಾ ಎಂದ. ಅದೇ ಉಳಿಯಿತು.

ಆರು ವರ್ಷ ಸವಾರ ಆ ಸೈಕಲ್ ತುಳಿದ. ಬಹಳ ಗೆದ್ದ. ಕೊನೆಯ ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದಾಗ, ಹೊಳೆಯ ಸೇತುವೆಯ ಹತ್ತಿರ ಚೈನ್ ಕಳಚಿ ಬಿತ್ತು. ಪೆಡಲುಗಳ ನಡುವಿನ ದಪ್ಪ ಕೊಳವೆಯ ಮೇಲೆ ಅದು ಉದ್ದಕ್ಕೆ ಒಂದು ಗೀರು ಎಳೆಯಿತು. ಅವನು ಸೇತುವೆಯನ್ನು ನಡೆದು ದಾಟಿದ. ಆಮೇಲೆ ರೈಲ್ವೆಯಲ್ಲಿ ನೌಕರಿ ಸಿಕ್ಕಿತು, ಮದುವೆಯಾಯಿತು, ದೂರದ ಊರಿಗೆ ಹೋದ. ಸೈಕಲ್ಲನ್ನು ಭಾವನ ಮನೆಯಲ್ಲಿ ಬಿಟ್ಟ. ಭಾವ ಅದನ್ನು ಇನ್ನೊಬ್ಬರಿಗೆ ಕೊಟ್ಟ, ಅವರು ಮತ್ತೊಬ್ಬರಿಗೆ. ಬೇರೆಯವರ ಮನೆಯಲ್ಲಿಟ್ಟ ಸೈಕಲ್ ಎಷ್ಟು ದಿನ ನಿಂತೀತು?

ನೌಕರಿಯಿಂದ ನಿವೃತ್ತನಾಗಿ ಸವಾರ ಊರಿಗೆ ಬಂದ. ಬಂದವನಿಗೆ ಒಂದೇ ಆಸೆ. ಅದೇ ಸೈಕಲ್ ಹತ್ತಿ, ಆ ಸೇತುವೆಯನ್ನು ಒಮ್ಮೆ ತುಳಿದು ದಾಟಬೇಕು. ಮೊಮ್ಮಕ್ಕಳಿಗೆ ಸೈಕಲ್ ಕೊಡಿಸುವ ವಯಸ್ಸಿನಲ್ಲಿ ತನಗೇ ಹುಡುಕುತ್ತಾನೆಂದು ಹೆಂಡತಿ ನಕ್ಕಳು. ಅವನೂ ನಕ್ಕ. ಆದರೆ ಬಿಡಲಿಲ್ಲ.

ಹುಡುಕಲು ಹೊರಟಾಗ ಅವನಿಗೆ ತನ್ನ ದಡ್ಡತನ ತಿಳಿಯಿತು. ಪ್ರತಿ ಫ್ರೇಮಿಗೂ ಒಂದು ನಂಬರ್ ಇರುತ್ತದೆ. ಪೆಡಲಿನ ಕೊಳವೆಯ ಅಡಿಯಲ್ಲಿ ಕೊರೆದಿರುತ್ತಾರೆ. ಸೈಕಲ್ ಹತ್ತು ಕೈ ದಾಟಿದ ಮೇಲೆ ಬಣ್ಣ ಬದಲಾಗುತ್ತದೆ, ಗೀರು ಮುಚ್ಚುತ್ತದೆ, ಹ್ಯಾಂಡಲ್ ಹೋಗಿ ಬೇರೆಯದು ಬರುತ್ತದೆ. ನಂಬರ್ ಮಾತ್ರ ಹೋಗುವುದಿಲ್ಲ. ತಾನು ಓಡಿದ ಪ್ರತಿ ರೇಸಿನ ಹೊತ್ತನ್ನು ಸೆಕೆಂಡಿನವರೆಗೆ ಹೇಳಬಲ್ಲ ಈ ಪುಣ್ಯಾತ್ಮ ತನ್ನ ಸೈಕಲ್ಲಿನ ನಂಬರನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ರೇಸಿನವರೆಲ್ಲ ಹಾಗೆಯೇ. ಅವರ ಕಣ್ಣು ಮುಂದಿನ ಗಾಲಿಯ ಮೇಲಿರುತ್ತದೆ. ನಂಬರ್ ಗೊತ್ತಿದ್ದವನು ಜೋಡಿಸಿದ ಮಿಸ್ತ್ರಿ ಒಬ್ಬನೇ.

ಸವಾರ ಅವನ ಅಂಗಡಿಗೆ ಹೋದ. ಮಿಸ್ತ್ರಿಗೆ ಎಪ್ಪತ್ತಾಗಿತ್ತು. ಮನೆಯವಳು ತೀರಿಕೊಂಡಿದ್ದಳು. ಊರಿನವರೆಲ್ಲ ಮೋಟಾರ್ ಸೈಕಲ್ ಕೊಂಡು ಅಂಗಡಿಗೆ ಬರುವವರು ಕಡಿಮೆಯಾಗಿದ್ದರು. ಆದರೂ ಅವನು ದಿನಾ ಬಾಗಿಲು ತೆಗೆದು, ನಟ್ಟು ತಿರುಗಿಸುವ ಪಾನೆಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ.

"ನನ್ನ ಸೈಕಲ್ ಸಿಗತೈತೇನ ಕಾಕಾ?" ಎಂದು ಸವಾರ ಕೇಳಿದ.

ಮಿಸ್ತ್ರಿ ಅವನ ಮುಖವನ್ನೇ ಬಹಳ ಹೊತ್ತು ನೋಡಿದ. "ಹುಡಕೂಣು ತಮ್ಮಾ. ನೀ ತರಕೋತ ಹೋಗು, ನಾ ನೋಡಕೋತ ಹೋಗತೀನಿ" ಎಂದ.

ನಂಬರ್ ಎಷ್ಟೆಂದು ಮಾತ್ರ ಹೇಳಲಿಲ್ಲ. ಹೇಳಿದರೆ ಸವಾರ ನಾಲ್ಕು ಜನರ ಮುಂದೆ ಆಡುತ್ತಾನೆ, ಹಳೆಯ ಸೈಕಲ್ ಮಾರುವವರ ಕಿವಿಗೆ ಬಿದ್ದರೆ ಯಾವುದೋ ಫ್ರೇಮಿಗೆ ಅದೇ ನಂಬರ್ ಕೊರೆದು ತಂದು ನಿಲ್ಲಿಸುತ್ತಾರೆ ಎಂದ. ಮಾತು ಸರಿಯೇ ಇತ್ತು. ಸವಾರ ಒಪ್ಪಿದ.

ಅಂದಿನಿಂದ ಸವಾರ ಊರೂರು ತಿರುಗಿದ. ದನದ ಕೊಟ್ಟಿಗೆ, ಶಾಲೆಯ ಹಿತ್ತಿಲು, ಗುಜರಿ ಅಂಗಡಿ, ಯಾವುದನ್ನೂ ಬಿಡಲಿಲ್ಲ. ಅನುಮಾನ ಬಂದ ಸೈಕಲ್ಲನ್ನು ಕೇಳಿಯೋ ಕೊಂಡೋ ಪ್ರತಿ ಗುರುವಾರ ಅಂಗಡಿಗೆ ತರುತ್ತಿದ್ದ. ಮಿಸ್ತ್ರಿ ಅದನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದ. ಕೊಳವೆಯ ಅಡಿಯ ಬಣ್ಣ ಕೆರೆದು, ಕನ್ನಡಕ ಏರಿಸಿ, ನಂಬರ್ ಓದುತ್ತಿದ್ದ. ಆಮೇಲೆ ಪಾನೆಯಿಂದ ಫ್ರೇಮನ್ನು ಒಮ್ಮೆ ತಟ್ಟಿ ಕೇಳುತ್ತಿದ್ದ. ಆಮೇಲೆ, ಇದಲ್ಲ ಎನ್ನುತ್ತಿದ್ದ. ಇಬ್ಬರೂ ಚಹಾ ಕುಡಿಯುತ್ತಿದ್ದರು. ತಂದ ಸೈಕಲ್ಲನ್ನು ಸುಮ್ಮನೆ ಕಳಿಸಲು ಮಿಸ್ತ್ರಿಗೆ ಮನಸ್ಸು ಬರುತ್ತಿರಲಿಲ್ಲ. ಸಂಜೆಯವರೆಗೆ ಕೂತು ಇಬ್ಬರೂ ಅದನ್ನು ಸರಿಮಾಡುತ್ತಿದ್ದರು. ಹಾಗೆ ಮೂಲೆ ಸೇರಿದ್ದ ಎಷ್ಟೋ ಸೈಕಲ್ಲುಗಳು ಮತ್ತೆ ರಸ್ತೆಗೆ ಬಂದವು. ನಮ್ಮ ಮಠಕ್ಕೆ ಹಾಲು ತರುವವನ ಸೈಕಲ್ ಕೂಡ ಅಂಥದ್ದೇ ಒಂದು.

ಎರಡು ವರ್ಷ ಹೀಗೆ ನಡೆಯಿತು. ಒಂದು ಗುರುವಾರ ಮಿಸ್ತ್ರಿ, ಅಂಗಡಿ ನೋಡಿಕೋ ಎಂದು ಹೇಳಿ ಮಧ್ಯಾಹ್ನದ ನಮಾಜಿಗೆ ಹೋದ. ಆಗ ಒಬ್ಬ ಮಾಸ್ತರರು ಗಾಳಿ ಹೋದ ಸೈಕಲ್ ತಳ್ಳಿಕೊಂಡು ಬಂದರು. ವಾಲ್ವಿನ ರಬ್ಬರ್ ಹರಿದಿತ್ತು. ಹೊಸದನ್ನು ಹುಡುಕಲು ಸವಾರ ಮೇಜಿನ ಡ್ರಾ ಎಳೆದ. ಮಾಸ್ತರರು ಗಾಳಿ ತುಂಬಿಸಿಕೊಂಡು ಹೋದರು. ಡ್ರಾ ಮುಚ್ಚುವಾಗ ಅದರ ಹಿಂದುಗಡೆ ಏನೋ ಅಡ್ಡ ಸಿಕ್ಕಿತು. ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದ.

ಒಳಗೆ ಗೇಣುದ್ದವೂ ಇಲ್ಲದ ಒಂದು ಕಬ್ಬಿಣದ ತುಂಡು. ಪೆಡಲುಗಳ ನಡುವಿನ ದಪ್ಪ ಕೊಳವೆ. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ. ಮೇಲೆ ಉದ್ದಕ್ಕೆ ಒಂದು ಗೀರು. ಅಡಿಯಲ್ಲಿ ಎರಡು, ಏಳು, ಒಂದು, ಒಂಬತ್ತು ಎಂಬ ನಂಬರ್.

ತನ್ನ ಸೈಕಲ್ ಇನ್ನಿಲ್ಲವೆಂದೂ ಅದು ಮಿಸ್ತ್ರಿಗೆ ಮೊದಲೇ ಗೊತ್ತಿತ್ತೆಂದೂ ಸವಾರನಿಗೆ ತಿಳಿಯಿತು. ಅವನು ಊರಿಗೆ ಮರಳುವ ಎಷ್ಟೋ ವರ್ಷ ಮೊದಲೇ ಆ ಸೈಕಲ್ ಲಾರಿಯ ಅಡಿ ಸಿಕ್ಕು ಮಡಚಿಹೋಗಿ, ಗುಜರಿಯವನ ಗಾಡಿಯಲ್ಲಿ ಅಂಗಡಿಯ ಮುಂದೆ ಬಂದಿತ್ತು. ಮಿಸ್ತ್ರಿ ಗುರುತು ಹಿಡಿದು, ಉಳಿದ ಒಂದು ತುಂಡನ್ನು ಗರಗಸದಿಂದ ಕತ್ತರಿಸಿ ಇಟ್ಟುಕೊಂಡಿದ್ದ.

ರೇವಯ್ಯ ಇಲ್ಲಿ ಬಾಯಿ ಹಾಕಿದ. ಸವಾರನಿಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದ.

ಬಾರದೆ ಇರುತ್ತದೆಯೇ ಎಂದರು ಅಜ್ಜಾರು. ಎರಡು ವರ್ಷ ಬಿಸಿಲಲ್ಲಿ ತಿರುಗಿದವನು ಅವನು. ಇಷ್ಟು ದಿನ ಈ ಮುದುಕ ನನ್ನನ್ನು ಮಂಗ ಮಾಡಿದನಲ್ಲ ಎಂದುಕೊಂಡ. ತುಂಡನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಹೋಗಿಬಿಡಬೇಕೆಂದು ಎದ್ದ. ಚಪ್ಪಲಿ ಹಾಕಿಕೊಂಡ. ಎದ್ದವನು, ತಾನು ಕೂತಿದ್ದ ಸ್ಟೂಲನ್ನು ನೋಡಿದ.

ವಯಸ್ಸಾಗಿ ಸವಾರನ ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಅವನು ಮೊದಲ ಸಲ ಬಂದಾಗ ಅಂಗಡಿಯಲ್ಲಿ ಇದ್ದದ್ದು ಒಂದು ಗಿಡ್ಡ ಮಣೆ. ಎರಡನೆಯ ಗುರುವಾರ ಬಂದಾಗ ಈ ಎತ್ತರದ ಸ್ಟೂಲ್ ಇತ್ತು. ಹಳೆಯ ಮಂಚದ ಕಾಲು ಕತ್ತರಿಸಿ ಮಾಡಿದ್ದು. ಮೇಲೆ ಸ್ಪ್ರಿಂಗಿನ ಸೈಕಲ್ ಸೀಟು ಕೂರಿಸಿದ್ದು. ಸೀಟಿನ ಎತ್ತರ, ಅವನು ಹತ್ತೊಂಬತ್ತು ವರ್ಷದವನಿದ್ದಾಗ ಮಿಸ್ತ್ರಿ ಆ ಸೈಕಲ್ಲಿಗೆ ಅಳೆದು ಇಟ್ಟಿದ್ದ ಎತ್ತರ. ಎರಡು ವರ್ಷ ಅದರ ಮೇಲೆ ಕೂತಿದ್ದರೂ ಅದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಅವನು ಯೋಚಿಸಿರಲಿಲ್ಲ. ಇನ್ನೊಂದು ಮಾತೂ ಆಗ ಅವನಿಗೆ ಹೊಳೆಯಿತು. ನಿವೃತ್ತನಾದ ಮೇಲೆ ಅವನಿಗೆ ಸೋಮವಾರ, ಮಂಗಳವಾರ ಎಲ್ಲ ಒಂದೇ ಆಗಿದ್ದವು. ಗುರುವಾರ ಮಾತ್ರ ಗುರುವಾರವಾಗಿ ಉಳಿದಿತ್ತು.

ಅವನು ಚಪ್ಪಲಿ ಬಿಟ್ಟ. ತುಂಡನ್ನು ಮೊದಲಿದ್ದ ಹಾಗೆಯೇ ಬಟ್ಟೆಯಲ್ಲಿ ಸುತ್ತಿ, ಮೊದಲಿದ್ದ ಜಾಗದಲ್ಲೇ ಇಟ್ಟು, ಡ್ರಾ ಮುಚ್ಚಿದ. ಸ್ಟೂಲಿನ ಮೇಲೆ ಕೂತ. ನಮಾಜು ಮುಗಿಸಿ ಬಂದ ಮಿಸ್ತ್ರಿ, ಯಾರಾದರೂ ಬಂದಿದ್ದರೇ ಎಂದು ವಿಚಾರಿಸಿದ.

"ಒಬ್ಬರು ಮಾಸ್ತರ ಬಂದಿದ್ರು, ಗಾಳಿ ಹಾಕಿ ಕಳಿಸೀನಿ. ಇಂಡಿ ಊರ ಕಡೆ ಒಂದು ಹಳೇ ಸೈಕಲ್ ಐತಂತ ಕಾಕಾ. ಬರೂ ಗುರುವಾರ ತರತೀನಿ" ಎಂದ ಸವಾರ.

ಆಮೇಲೆ ಒಂಬತ್ತು ವರ್ಷ ಅವನು ಸೈಕಲ್ ತಂದ. ಎರಡು ವರ್ಷ ಮಿಸ್ತ್ರಿಯೊಬ್ಬನಿಗೆ ಗೊತ್ತಿದ್ದದ್ದು ಈಗ ಇಬ್ಬರಿಗೂ ಗೊತ್ತಿತ್ತು. ಆದರೆ ಸವಾರನಿಗೆ ಗೊತ್ತೆಂದು ಮಿಸ್ತ್ರಿಗೆ ಗೊತ್ತಿರಲಿಲ್ಲ. ಸವಾರ ಹುಡುಕುವುದರಲ್ಲಿ ಮೈಗಳ್ಳತನ ಮಾಡಲಿಲ್ಲ. ಮೊದಲಿನಷ್ಟೇ ದೂರ ಹೋಗುತ್ತಿದ್ದ. ಮಿಸ್ತ್ರಿಯೂ ಮೊದಲಿನಷ್ಟೇ ಜಾಗ್ರತೆಯಿಂದ ಬಣ್ಣ ಕೆರೆದು ನಂಬರ್ ಓದುತ್ತಿದ್ದ. ಕಣ್ಣು ಮಂಜಾದ ಮೇಲೆ ಸವಾರನೇ ಓದಿ ಹೇಳುತ್ತಿದ್ದ. ಮಿಸ್ತ್ರಿ ಕೇಳಿ, ಇದಲ್ಲ ಎನ್ನುತ್ತಿದ್ದ.

ಹನ್ನೊಂದನೆಯ ವರ್ಷ ಮಿಸ್ತ್ರಿ ಹಾಸಿಗೆ ಹಿಡಿದ. ಅಂಗಡಿಯ ಹಿಂದಿನ ಕೋಣೆಯಲ್ಲೇ ಮಂಚ. ಗುರುವಾರ ಸವಾರ ಒಂದು ಸೈಕಲ್ ತಂದು ಮಂಚದ ಪಕ್ಕ ನಿಲ್ಲಿಸಿದ. ಮಿಸ್ತ್ರಿ ಅವನ ಕೈ ಹಿಡಿದು, ನಿನಗೆ ಒಂದು ಮಾತು ಹೇಳುವುದಿದೆ, ಮೊದಲು ಅಂಗಡಿಯ ಮೇಜಿನ ಡ್ರಾ ತೆಗೆ ಎಂದ.

ಏನು ಹೇಳಲಿದ್ದಾನೆಂದು ಸವಾರನಿಗೆ ತಿಳಿಯಿತು. ಹೇಳಲು ಬಿಟ್ಟರೆ ಮುದುಕ ಕ್ಷಮೆ ಕೇಳುತ್ತಾನೆ. ಬಿಡದಿದ್ದರೆ ಎದೆಯ ಮೇಲೆ ಭಾರ ಹೊತ್ತು ಹೋಗುತ್ತಾನೆ. ಎರಡನ್ನೂ ಸವಾರನಿಂದ ನೋಡಲಾಗುತ್ತಿರಲಿಲ್ಲ.

"ಅದು ಆಮ್ಯಾಲೆ ಕಾಕಾ. ಮೊದಲ ಈ ಸೈಕಲ್ ನೋಡೂಣು" ಎಂದ. ಸೈಕಲ್ಲನ್ನು ತಲೆಕೆಳಗು ಮಾಡಿದ. ಅಡಿಯ ಬಣ್ಣ ಕೆರೆದ. ಅಲ್ಲಿ ಯಾವ ನಂಬರ್ ಇತ್ತೋ, ಅವನು ನೋಡಲಿಲ್ಲ. "ಎರಡು, ಏಳು, ಒಂದು, ಒಂಬತ್ತು" ಎಂದು ಓದಿದ.

ಮಿಸ್ತ್ರಿ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಹೋಯಿತು. ಆಮೇಲೆ ಕೈ ಚಾಚಿ ಪಾನೆ ಕೇಳಿದ. ಸವಾರ ಕೊಟ್ಟ. ಮಿಸ್ತ್ರಿ ಮಲಗಿದಲ್ಲಿಂದಲೇ ಫ್ರೇಮನ್ನು ಒಮ್ಮೆ ತಟ್ಟಿ, ಆ ದನಿ ನಿಲ್ಲುವವರೆಗೆ ಕೇಳಿದ.

"ಇದಲ್ಲ ತಮ್ಮಾ" ಎಂದ. "ಬರೂ ಗುರುವಾರ ಇನ್ನೊಂದು ತಾ."

ಸವಾರ ಮುಂದಿನ ಗುರುವಾರವೂ ತಂದ, ಅದರ ಮುಂದಿನ ಗುರುವಾರವೂ ತಂದ. ಮಿಸ್ತ್ರಿ ಆಮೇಲೆ ಎಷ್ಟು ಗುರುವಾರ ಇದ್ದನೆಂದು ನಾನು ವಿಚಾರಿಸಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು. ರೇವಯ್ಯ ತನ್ನ ಪ್ರಶ್ನೆಯನ್ನು ಮತ್ತೆ ಕೇಳಲು ಬಾಯಿ ತೆರೆದ. ಅಜ್ಜಾರು ಕೈ ಚಾಚಿ ಮಗ್ಗುಲಲ್ಲಿದ್ದ ಪೆಟ್ಟಿಗೆಯನ್ನು ಅವನ ಕಡೆಗೆ ಸರಿಸಿದರು.

"ಆ ಗರಿಯ ಸುಟ್ಟ ಚೂರು ಇದರಾಗ ಐತಿ ಅನ್ನೂದು ನಿನಗ ಗೊತ್ತಾಗಿ ಎಷ್ಟು ವರ್ಷಾತು, ರೇವಯ್ಯಾ?"

ರೇವಯ್ಯ ಪೆಟ್ಟಿಗೆಯನ್ನು ತೆರೆಯದೆ, ಮೊದಲಿದ್ದ ಹಾಗೆಯೇ ಅಜ್ಜಾರ ಮಗ್ಗುಲಿಗೆ ಸರಿಸಿದ.