ಚಿಲ್ಟುವಿಗೆ ನೀರು ಹಾಕಿದ ದಿನ

ಜಗತ್ತು ಆಗಷ್ಟೇ ಹುಟ್ಟಿ, ಅದರ ಮೈ ಇನ್ನೂ ಆರಿರದ ಕಾಲ. ಬೆಟ್ಟಗಳು ತಾವೆಲ್ಲಿ ಕೂರಬೇಕೆಂದು ಜಾಗ ಹುಡುಕುತ್ತಿದ್ದವು. ಹೆಸರಿಟ್ಟು ಕರೆಯುವುದು ಮನುಷ್ಯರ ಚಾಳಿ. ಪ್ರಾಣಿಗಳಿಗೆ ವಾಸನೆಯೇ ಹೆಸರು. ಹಸು ತನ್ನ ಕರುವನ್ನು, ಆಡು ತನ್ನ ಮರಿಯನ್ನು, ಮೂಸಿ ನೋಡಿಯೇ ನನ್ನದು ಅನ್ನುತ್ತಿದ್ದವು.

ಆ ಕಾಲದ ಒಂದು ಹಟ್ಟಿಯಲ್ಲಿ ಪುಟ್ಟೀರಮ್ಮ ಎಂಬ ಅಜ್ಜಿ ಇದ್ದಳು. ಎಳೆಗೂಸುಗಳಿಗೆ ನೀರು ಹಾಕುವುದು ಅವಳ ಕೆಲಸ. ಹಟ್ಟಿಯ ಕೂಸುಗಳೆಲ್ಲ ಅವಳ ಕಾಲ ಮೇಲೆ ಮಲಗಿ, ಎಣ್ಣೆ ತಿಕ್ಕಿಸಿಕೊಂಡು, ಊರಿಗೆಲ್ಲ ಕೇಳುವಂತೆ ಅತ್ತು ದೊಡ್ಡವಾಗಿದ್ದವು. ಅಜ್ಜಿಗೆ ಅದರ ಜಂಬವೂ ಇತ್ತು. ತಾನು ನೀರು ಹಾಕಿದ ಕೂಸನ್ನು ಯಾವ ತಾಯಿಯೂ ಮುದ್ದಿಸದೆ ಬಿಡಳು ಎಂದು ಕಂಡವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಒಂದು ಸಲ ಮೂರು ತಿಂಗಳಾದರೂ ಹಟ್ಟಿಯಲ್ಲಿ ಕೂಸು ಹುಟ್ಟಲಿಲ್ಲ. ಅಜ್ಜಿಗೆ ಕೈ ಕಟ್ಟಿಹಾಕಿದಂತಾಯಿತು. ತೊಳೆದ ಮಡಕೆಗಳನ್ನೇ ಮತ್ತೆ ತೊಳೆದಳು. ಒಂದು ಕುಂಬಳಕಾಯಿಗೆ ಎಣ್ಣೆ ಹಚ್ಚಿ ನೀರೆರೆದಳು. ಅದು ಅಳಲಿಲ್ಲವಾದ್ದರಿಂದ ಅವಳಿಗೆ ಸಮಾಧಾನವಾಗಲಿಲ್ಲ.

ಆಗ ಅವಳ ಕಣ್ಣು ಹುಲ್ಲಿನ ಮೆದೆಯ ಕಡೆ ಹೋಯಿತು. ಅಲ್ಲಿ ಮನೆಯ ಕಂದು ನಾಯಿ ಐದು ಮರಿ ಹಾಕಿತ್ತು. ಎಲ್ಲಕ್ಕಿಂತ ಚಿಕ್ಕದು ಅಂಗೈಯಗಲದ ಹೆಣ್ಣುಮರಿ. ಅಜ್ಜಿ ಅದನ್ನು ಚಿಲ್ಟು ಅನ್ನುತ್ತಿದ್ದಳು. ತಾಯಿ ನೀರು ಕುಡಿಯಲು ಹಳ್ಳಕ್ಕೆ ಹೋದದ್ದೇ ತಡ, ಚಿಲ್ಟು ಬಚ್ಚಲಿನಲ್ಲಿತ್ತು.

ಅಜ್ಜಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಮರಿಯನ್ನು ಮಲಗಿಸಿಕೊಂಡಳು. ಹರಳೆಣ್ಣೆ ತಿಕ್ಕಿದಳು. ಕೈಕಾಲು ನೀವಲು ಹೋದಾಗ ನಾಲ್ಕರಲ್ಲಿ ಕೈ ಯಾವುದೆಂದು ಸ್ವಲ್ಪ ಯೋಚಿಸಬೇಕಾಯಿತು. ಕೂಸುಗಳಿಗೆ ಮಾಡುವಂತೆ ಮೂಗನ್ನು ಹಿಡಿದು ನೆಟ್ಟಗೆ ತಿದ್ದಿದಳು. ಬಿಟ್ಟ ಕೂಡಲೇ ಅದು ಮೊದಲಿನಂತೆ ಮೊಂಡಾಯಿತು. ಸೀಗೆಪುಡಿ ಹಚ್ಚಿ, ಬೆಚ್ಚನೆಯ ನೀರು ಹುಯ್ದು, ಒರೆಸಿ, ಸಾಂಬ್ರಾಣಿ ಹೊಗೆಯ ಮೇಲೆ ಆಡಿಸಿ, ಕಿವಿಯ ಹಿಂದೆಯೂ ಬಿಡದೆ ಬಾಚಿ, ಕೆನ್ನೆಗೊಂದು ಕಪ್ಪು ಬೊಟ್ಟು ಇಟ್ಟಳು. ಚಿಲ್ಟು ಹತ್ತಿಯ ಉಂಡೆಯಂತೆ ಉಬ್ಬಿತು. ಅಂಥ ಕೆಲಸ ತನ್ನ ಕೈಯಿಂದ ಹಿಂದೆಂದೂ ಆಗಿಲ್ಲ ಎಂದು ಅಜ್ಜಿಗೆ ಕಣ್ತುಂಬಿ ಬಂತು.

ಹಳ್ಳದಿಂದ ತಾಯಿ ಬಂತು. ಹಸಿದಿದ್ದ ಚಿಲ್ಟು ತಟ್ಟಾಡುತ್ತ ಅದರ ಬಳಿ ಓಡಿತು. ತಾಯಿ ಮೂಸಿತು. ಎರಡು ಹೆಜ್ಜೆ ಹಿಂದೆ ಸರಿದು ಸೀನಿತು. ಆಮೇಲೆ ಹಲ್ಲು ಕಿರಿದು ಗುರ್ರೆಂದಿತು.

"ಯಾರ ಮನೆ ಕೂಸು ನೀನು? ನಡಿ ಆಚೆಗೆ."

"ನಾನೇ ಕಣವ್ವ" ಎಂದಿತು ಚಿಲ್ಟು.

"ನನ್ ಕೂಸು ಹಿಂಗೆ ನಾರಲ್ಲ."

ಹಾಗೆಂದ ಮೇಲೆ ತಾಯಿಗೆ ದಿಗಿಲಾಯಿತು. ಬಂದಿರುವುದು ಪರಕೂಸು, ಹಾಗಾದರೆ ತನ್ನ ಕೂಸೆಲ್ಲಿ? ಮೆದೆಯ ಸುತ್ತ, ಬೇಲಿಯ ಸುತ್ತ, ಬಾವಿಯ ಸುತ್ತ ಊಳಿಡುತ್ತ ಹುಡುಕಿತು. ಚಿಲ್ಟು ಅಳುತ್ತ ಅದರ ಬಾಲದ ಹಿಂದೆಯೇ ಹೋಯಿತು. ತಾಯಿ ತಿರುಗಿ ಅದನ್ನು ಗದರಿಸಿ ಓಡಿಸುವುದು, ಮತ್ತೆ ಅದನ್ನೇ ಹುಡುಕಲು ಹೋಗುವುದು.

ನೋಡುತ್ತಿದ್ದ ಅಜ್ಜಿಗೆ ಮೊದಲು ನಗು ಬಂತು. ಚಿಲ್ಟುವಿನ ಹೊಟ್ಟೆ ಬೆನ್ನಿಗೆ ಹತ್ತಿದ್ದು ಕಂಡಾಗ ನಗು ನಿಂತಿತು. ಬಟ್ಟಲಲ್ಲಿ ಹಸುವಿನ ಹಾಲಿಟ್ಟಳು. ನೆಕ್ಕಲು ಬಾರದ ಎಳೆಮರಿ ಅದರಲ್ಲಿ ಮೂಗದ್ದಿ ಕೆಮ್ಮಿತು. ಸಂಜೆಯೊಳಗೆ ತಾಯಿಯ ಹಾಲು ಸಿಗದಿದ್ದರೆ ಮರಿ ಉಳಿಯುವಂತಿರಲಿಲ್ಲ. ಅಜ್ಜಿಯ ಜಂಬವೆಲ್ಲ ಜರ್ರನೆ ಇಳಿಯಿತು. ತಾಯಿಗೇ ಬೇಡವಾದ ಕೂಸನ್ನು ತಾನೇ ಮಾಡಿಟ್ಟೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಚಿಲ್ಟುವನ್ನು ಮಡಿಲಿಗೆ ಹಾಕಿಕೊಂಡು ಹೋಗಿ ಗಾಳಿಯನ್ನು ಕೇಳಿದಳು, ಮರಿಯ ವಾಸನೆ ವಾಪಸು ಕೊಡಪ್ಪ ಎಂದು. ಗಾಳಿಗೆ ನಿಂತು ಮಾತಾಡುವ ಅಭ್ಯಾಸವಿಲ್ಲ. ಒಂದಿಷ್ಟು ಒಯ್ದದ್ದು ನಿಜ, ಬೆಟ್ಟದಾಚೆ ಎಲ್ಲೋ ಬೀಳಿಸಿದೆ, ಎಲ್ಲೆಂದು ನೆನಪಿಲ್ಲ ಎನ್ನುತ್ತಲೇ ಹೊರಟುಹೋಯಿತು.

ಹಳ್ಳವನ್ನು ಕೇಳಿದಳು. ಹಳ್ಳ ಸಿಟ್ಟಿನಲ್ಲಿತ್ತು. ನಿನ್ನ ಬಚ್ಚಲ ನೀರು ಬಂದಾಗಿನಿಂದ ನನ್ನ ಮೀನುಗಳೆಲ್ಲ ಸೀನುತ್ತಿವೆ, ಬಂದದ್ದನ್ನು ಬಂದಂತೆ ಮುಂದಕ್ಕೆ ಕಳಿಸಿದ್ದೇನೆ, ಬೇಕಾದರೆ ಸಮುದ್ರಕ್ಕೆ ಹೋಗಿ ಕೇಳಿಕೋ ಎಂದಿತು.

ಅಜ್ಜಿ ಬರಿಗೈಯಲ್ಲಿ ವಾಪಸು ಬಂದು ಮೆದೆಯ ಪಕ್ಕ ಕುಸಿದು ಕೂತಳು. ಎರಡು ಹನಿ ಕಣ್ಣೀರು ನೆಲಕ್ಕೆ ಬಿತ್ತು. ಆಗ ಮಣ್ಣು ಮಾತಾಡಿತು.

"ಯಾಕಜ್ಜಿ ಅಳ್ತೀಯ? ಗಾಳಿ, ನೀರು ಓಡಾಡೋ ಜನ. ನಾನು ಕೂತಲ್ಲೇ ಕೂತಿರೋಳು. ಈ ಕೂಸು ಹುಟ್ಟಿದಾಗಿಂದ ನನ್ ಮೇಲೇ ಮಲಗಿದೆ. ಅದರ ವಾಸ್ನೆ ನನ್ನತ್ರಾನೇ ಇದೆ. ಹೊರಳಾಡ್ಸು."

"ಈಗ್ತಾನೆ ನೀರು ಹಾಕಿದ್ದೀನಲ್ಲ ತಾಯಿ" ಎಂದಳು ಅಜ್ಜಿ.

ಅಜ್ಜಿ ಚಿಲ್ಟುವನ್ನು ಕೆಳಗೆ ಬಿಟ್ಟಳು. ಅದು ನಾಲ್ಕೂ ಕಾಲು ಮೇಲಕ್ಕೆತ್ತಿ ಆ ಕಡೆ ಈ ಕಡೆ ಹೊರಳಿತು. ಒಂದೊಂದು ಹೊರಳಿಗೂ ಅಜ್ಜಿ ಅಯ್ಯೋ ಎಂದಳು. ಆದರೂ ಕಿವಿಯ ಹಿಂದೆ ಇನ್ನೂ ಸಾಂಬ್ರಾಣಿ ಉಳಿದಿತ್ತು. ಅಜ್ಜಿ ನಿಟ್ಟುಸಿರು ಬಿಟ್ಟು ಕಾಲು ಚಾಚಿ, ಮರಿಯನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿದ ಹಾಗೆಯೇ ತಲೆಯಿಂದ ಬಾಲದವರೆಗೆ ಮಣ್ಣು ತಿಕ್ಕಿದಳು. ಮಾಡುವುದಾದರೆ ಅಚ್ಚುಕಟ್ಟಾಗಿ ಮಾಡಬೇಕಲ್ಲ.

ಹುಡುಕಿ ಹುಡುಕಿ ಸೋತ ತಾಯಿ ಕಾಲೆಳೆಯುತ್ತ ಬಂತು. ದೂರದಿಂದಲೇ ಅದರ ಮೂಗು ಅರಳಿತು. ಓಡಿಬಂದು ಚಿಲ್ಟುವನ್ನು ಕೆಡವಿಕೊಂಡು ಮೂಸಿತು, ನೆಕ್ಕಿತು, ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಬೈದು ಮತ್ತೆ ನೆಕ್ಕಿತು. ಹಾಲಿಗೆ ಬಾಯಿ ಹಾಕಿದ ಚಿಲ್ಟು ಹೊತ್ತು ಮುಳುಗುವ ತನಕ ಬಿಡಲಿಲ್ಲ.

"ಸ್ವಲ್ಪ ಹುಷಾರಾಗಿರಜ್ಜಿ" ಎಂದಿತು ತಾಯಿ. "ಯಾವ್ದೋ ಕೂಸು ಬಂದು ನನ್ ಕೂಸಿನ ಜಾಗಕ್ಕೆ ನುಗ್ಗೋಕೆ ನೋಡ್ತು. ಏನ್ ನಾತ ಅಂತೀಯ. ಪಾಪ, ಅದರ ಅವ್ವ ಹೆಂಗೆ ತಡ್ಕೊಂಡಿದ್ದಾಳೋ."

ಅಜ್ಜಿ ಮಣ್ಣಾದ ಕೈಗಳನ್ನು ಸೆರಗಿನಡಿ ಬಚ್ಚಿಟ್ಟುಕೊಂಡು, ನೋಡಿಕೊಳ್ಳುತ್ತೇನೆ ಕಣವ್ವ ಎಂದಳು.

ಚಿಲ್ಟು ದೊಡ್ಡದಾದ ಮೇಲೆ ಇದನ್ನು ತನ್ನ ಮರಿಗಳಿಗೆ ಹೇಳಿತು. ಅವು ತಮ್ಮ ಮರಿಗಳಿಗೆ ಹೇಳಿದವು. ಅದಕ್ಕೇ ಇವತ್ತಿಗೂ, ನೀವು ಮನೆಯ ಪುಟ್ಟ ನಾಯಿಗೆ ಶಾಂಪೂ ಹಚ್ಚಿ ಸ್ನಾನ ಮಾಡಿಸಿ, ಒರೆಸಿ, ಬಾಚಿ ಬಿಟ್ಟ ಕೂಡಲೇ ಅದು ಬಾಗಿಲು ದಾಟಿ ಓಡಿಹೋಗಿ ಮಣ್ಣಿನಲ್ಲಿ ಹೊರಳುತ್ತದೆ. ಅವ್ವ ಹುಡುಕಿಕೊಂಡು ಬಂದರೆ ಗುರುತು ಸಿಗಬೇಕಲ್ಲ.