ಸೇತುವೆಯ ತೋಳ

"ಗುರುಗಳೇ, ಕಲಿಕೆ ಪೂರ್ತಿಯಾಯಿತು ಎಂದು ತಿಳಿಯುವುದು ಹೇಗೆ?" ಎಂದು ನೇಮಿರಾಜ ಕೇಳಿದ.

ಕೇಳಿದ್ದೇನೋ ಪ್ರಶ್ನೆಯ ಹಾಗೆಯೇ, ಆದರೆ ಉತ್ತರವನ್ನು ಅವನು ಮನೆಯಿಂದಲೇ ತಂದಿದ್ದ. ಏಳು ವರ್ಷದಿಂದ ಧರಣೇಂದ್ರಯ್ಯನವರ ಬಳಿ ಚದುರಂಗ ಕಲಿಯುತ್ತಿದ್ದ. ಮೊದಲ ಆರು ವರ್ಷ ಸೋತದ್ದೇ ಸೋತದ್ದು. ಹೋದ ವರ್ಷ ಒಂದು ದಿನ ಸೋತ ಸಿಟ್ಟಿಗೆ, ಗುರುಗಳ ಮನೆಯಲ್ಲಿ ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದುಹೋದವನು ಹದಿನೈದು ದಿನ ಆ ಕಡೆ ತಲೆ ಹಾಕಲಿಲ್ಲ. ಮರಳಿ ಬಂದ ಮೇಲೆ ಯಾಕೋ ಆಟ ಕುದುರಿತು. ಈ ತಿಂಗಳು ಸಾಲಾಗಿ ಮೂರು ಆಟಗಳಲ್ಲಿ ಗುರುಗಳನ್ನೇ ಸೋಲಿಸಿದ್ದ.

ಪಕ್ಕದ ಊರಿನಲ್ಲಿ ತನ್ನದೇ ಚದುರಂಗ ಶಾಲೆ ತೆರೆಯಬೇಕೆಂಬುದು ಅವನ ಆಸೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಬೋರ್ಡನ್ನೂ ಬರೆಸಿಬಿಟ್ಟಿದ್ದ. ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದರು. ಆದರೆ ಗುರುಗಳು ಹೂಂ ಎನ್ನದೆ ಬೋರ್ಡನ್ನು ತೂಗುಹಾಕುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದ. ಆ ಒಂದು ಹೂಂ ಪಡೆಯಲೆಂದೇ ಈಗ ಬಂದು ಕೂತಿದ್ದ.

ಧರಣೇಂದ್ರಯ್ಯನವರು ಮಣೆಯ ಮೇಲೆ ಒಂದೊಂದಾಗಿ ಕಾಯಿ ಜೋಡಿಸುತ್ತಿದ್ದರು. ಒಂದು ಕತೆಯಿದೆ, ಕೇಳಿಕೊಂಡು ಹೋಗು ಎಂದರು. ಹೂಂ ಎನ್ನುವುದಕ್ಕೂ ಒಂದು ಕತೆ ಬೇಕೇ ಎಂದು ನೇಮಿರಾಜನಿಗೆ ಅನ್ನಿಸಿತು. ಆದರೂ ಕೇಳಿದ.

ಒಬ್ಬ ಆಟಗಾರನಿದ್ದ. ಅವನದು ಟಿ.ವಿ.ಯಲ್ಲಿ ಆಡುವ ವಿಡಿಯೊ ಗೇಮು. ಆ ಆಟದೊಳಗೆ ಒಂದು ಇಡೀ ದೇಶವಿತ್ತು. ಊರು, ಕಾಡು, ಗುಹೆ, ಕೋಟೆ, ಎಲ್ಲಿಗೆ ಬೇಕಾದರೂ ಹೋಗಬಹುದು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹೇಳುವವರಿಲ್ಲ. ನೂರಕ್ಕೆ ಎಷ್ಟು ಮುಗಿಯಿತು ಎಂಬುದನ್ನು ಆಟವೇ ತೋರಿಸುತ್ತಿರುತ್ತದೆ. ದೇಶದ ತುದಿಯಲ್ಲಿ ಒಬ್ಬ ರಾಕ್ಷಸ. ಎಲ್ಲ ಮುಗಿಸಿ ಅವನನ್ನೂ ಕೊಂದರೆ ನೂರಕ್ಕೆ ನೂರು. ಆಟ ಎಷ್ಟು ಕಷ್ಟವಿರಬೇಕೆಂಬುದನ್ನು ಆಡುವವನೇ ಆರಿಸಿಕೊಳ್ಳಬಹುದು. ನಮ್ಮ ಆಟಗಾರ ಸ್ವಲ್ಪ ಜಂಬದವನು. ಅತಿ ಕಠಿಣ ಎಂಬುದನ್ನೇ ಆರಿಸಿಕೊಂಡ.

ದೇಶದ ಬಾಗಿಲಲ್ಲೇ ಒಂದು ಮರದ ಸೇತುವೆ. ಅದರ ಮೇಲೆ ಒಂದು ತೋಳ.

ಆ ತೋಳ ಅವನನ್ನು ಹತ್ತೊಂಬತ್ತು ಸಲ ಕೊಂದಿತು. ಹತ್ತೊಂಬತ್ತನೆಯ ಸಲ ಅವನು ಕಂಟ್ರೋಲರನ್ನು ಹಾಸಿಗೆಯ ಮೇಲೆ ಎಸೆದು, ಅಕ್ಕ ಬಡಿಸಿದ ತಟ್ಟೆಯನ್ನು ಹಾಗೆಯೇ ಬಿಟ್ಟು ಮಲಗಿಕೊಂಡ. ಮರುದಿನ ಏನಾಯಿತೋ ಏನೋ, ಮೊದಲ ಏಟಿಗೇ ತೋಳ ಬಿತ್ತು. ಕೈ ಪಳಗಿತು ಎಂದುಕೊಂಡ.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಕಳ್ಳರ ಗುಂಪನ್ನು ಓಡಿಸಿದ, ಹಾವಿನ ಗುಹೆ ಹೊಕ್ಕು ಬಂದ, ಏಳು ಕೋಟೆ ಗೆದ್ದ. ಯಾವಳೋ ಮುದುಕಿ ಕಳೆದುಕೊಂಡ ಕೋಳಿಯನ್ನು ಕೂಡ ಹುಡುಕಿಕೊಟ್ಟ. ದೇಶದ ಒಂದು ಮೂಲೆಯನ್ನೂ ಬಿಡಲಿಲ್ಲ. ಎಂಟು ತಿಂಗಳು ಹಿಡಿಯಿತು. ಕೊನೆಗೆ ಗೆಳೆಯರನ್ನೆಲ್ಲ ಮನೆಗೆ ಕರೆದು ಕೂರಿಸಿಕೊಂಡು ರಾಕ್ಷಸನ ಎದುರು ನಿಂತ. ಕತ್ತಿ ಬೀಸಿದ. ಒಂದೇ ಏಟಿಗೆ ರಾಕ್ಷಸ ಉರುಳಿದ.

ನೇಮಿರಾಜನಿಗೆ ನಗು ತಡೆಯಲಾಗಲಿಲ್ಲ. "ಅಷ್ಟು ದೊಡ್ಡ ರಾಕ್ಷಸ ಒಂದೇ ಏಟಿಗೆ ಬಿದ್ದಾಗಲೂ ಆ ಪೆದ್ದನಿಗೆ ಅನುಮಾನ ಬರಲಿಲ್ಲವೇ, ಗುರುಗಳೇ?"

"ಗೆಲ್ಲುತ್ತಿರುವವನಿಗೆ ಅನುಮಾನ ಯಾಕಪ್ಪಾ ಬರುತ್ತದೆ?" ಎಂದು ಅವರು ಇನ್ನೊಂದು ಕಾಯಿಯನ್ನು ಅದರ ಮನೆಯಲ್ಲಿಟ್ಟರು.

ಪರದೆಯ ಮೇಲೆ ನೂರಕ್ಕೆ ನೂರು ಎಂದು ಮೂಡಿತು. ಗೆಳೆಯರು ಚಪ್ಪಾಳೆ ತಟ್ಟಿದರು. ಅದರ ಕೆಳಗೆ ಆಟಗಾರನ ಹೆಸರು ಬಂತು, ಎಷ್ಟು ಗಂಟೆ ಆಡಿದನೆಂಬುದು ಬಂತು, ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಬಂತು. ಆಟದ ಮಟ್ಟ: ಅತಿ ಸುಲಭ.

ಅವನು ಕಣ್ಣುಜ್ಜಿಕೊಂಡು ನೋಡಿದ. ಸಾಲು ಬದಲಾಗಲಿಲ್ಲ. ಗೆಳೆಯರಲ್ಲೊಬ್ಬ ಅದನ್ನು ಗಟ್ಟಿಯಾಗಿ ಓದಿದ. ಚಪ್ಪಾಳೆ ನಿಂತುಹೋಯಿತು. ಯಾರೂ ಅವನನ್ನು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೇ ವಾಸಿಯಾಗಿತ್ತು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಆ ಮನೆಯಲ್ಲಿ ಅವನ ಆಟವನ್ನು ಮುಟ್ಟಬಲ್ಲವಳು ಅಕ್ಕ ಒಬ್ಬಳೇ. ಅವಳು ಏನನ್ನೂ ಮುಚ್ಚಿಡಲಿಲ್ಲ. "ನೀನು ಊಟ ಬಿಟ್ಟ ದಿನ ನಾನೇ ಮಟ್ಟ ಇಳಿಸಿದೆ ಕಣೋ. ಎರಡು ದಿನ ಬಿಟ್ಟು ಏರಿಸೋಣ ಎಂದಿದ್ದೆ. ನಿನ್ನ ಮುಖ ನೋಡಿ ಮನಸ್ಸು ಬರಲಿಲ್ಲ," ಎಂದಳು.

ನೇಮಿರಾಜನ ನಗು ಆಗಲೇ ನಿಂತಿತ್ತು. ಊಟ ಬಿಟ್ಟ ದಿನ ಎಂಬ ಮಾತು ಎಲ್ಲೋ ನಾಟಿತು. ತಾನು ಮುಟ್ಟದೆ ಬಿಟ್ಟುಹೋದ ಕಾಫಿ ಲೋಟ ನೆನಪಾಯಿತು. ಅದರ ಬೆನ್ನಿಗೇ ತನ್ನ ಆಟ ಕುದುರಿದ್ದೂ ನೆನಪಾಯಿತು. ಗುರುಗಳ ಮುಖ ನೋಡಿದ. ಅವರು ತಲೆಯೆತ್ತದೆ ಕತೆ ಮುಂದುವರಿಸಿದರು.

ಆಟಗಾರನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಗರ ಬಡಿದವನ ಹಾಗೆ ಕೂತುಬಿಟ್ಟ. ಎಂಟು ತಿಂಗಳಲ್ಲಿ ಗೆದ್ದದ್ದರಲ್ಲಿ ಒಂದು ಕಾಳಗವಾದರೂ ನೆನಪಿದೆಯೇ ಎಂದು ಹುಡುಕಿದ. ಗುಹೆಯ ಹಾವಿಗೆ ಎಷ್ಟು ಹೆಡೆಗಳಿದ್ದವು? ಗೊತ್ತಿಲ್ಲ. ರಾಕ್ಷಸನ ಕೈಯಲ್ಲಿ ಇದ್ದದ್ದು ಗದೆಯೋ ಕೊಡಲಿಯೋ? ಈಗ ತಾನೇ ಕೊಂದಿದ್ದ, ಅದೂ ಗೊತ್ತಿಲ್ಲ. ನೆನಪಿನಲ್ಲಿ ಉಳಿದದ್ದು ತನ್ನನ್ನು ಕೊಂದ ತೋಳ ಒಂದೇ. ಅದರ ಹರಿದ ಬಲಗಿವಿ, ಎಗರುವ ಮುನ್ನ ಎಡಗಾಲನ್ನು ಒಂದಿಷ್ಟು ಎತ್ತುವ ರೀತಿ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಸೋತದ್ದೊಂದೇ ತನ್ನದು, ಗೆದ್ದದ್ದರಲ್ಲಿ ಒಂದೂ ತನ್ನದಲ್ಲ ಎಂದು ತಿಳಿದಾಗ ಅವನಿಗಾದಷ್ಟು ಆಘಾತ ಸತ್ತ ರಾಕ್ಷಸ ಎದ್ದು ಬಂದಿದ್ದರೂ ಆಗುತ್ತಿರಲಿಲ್ಲ.

ಅವನು ನೂರಕ್ಕೆ ನೂರನ್ನು ಅಳಿಸಿಹಾಕಿದ. ಮಟ್ಟವನ್ನು ತಾನೇ ಏರಿಸಿ ಮತ್ತೆ ಸೇತುವೆಗೆ ಹೋದ. ತೋಳ ಅವನನ್ನು ಕೊಂದಿತು. ಮತ್ತೆ ಹೋದ, ಮತ್ತೆ ಕೊಂದಿತು. ಮೂರನೆಯ ದಿನ, ಅದು ಎಡಗಾಲು ಎತ್ತುವುದನ್ನೇ ಕಾದಿದ್ದು, ಪಕ್ಕಕ್ಕೆ ಸರಿದು ಹೊಡೆದ. ತೋಳ ಬಿತ್ತು. ಪರದೆಯ ಮೇಲೆ ನೂರಕ್ಕೆ ಒಂದು ಎಂದು ಮೂಡಿತು. ಅಂದು ಅವನು ಅಕ್ಕನನ್ನು ಕೇಳಿ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಉಂಡ.

ಕತೆ ಅಲ್ಲಿಗೆ ಮುಗಿಯಿತು. ಧರಣೇಂದ್ರಯ್ಯನವರು ಕೊನೆಯ ಕುದುರೆಯನ್ನು ಮಣೆಯ ಮೇಲಿಟ್ಟರು. ಬರೆಸಿಟ್ಟ ಬೋರ್ಡು ನೇಮಿರಾಜನ ಕಣ್ಣ ಮುಂದೆ ಬಂತು, ಹೆಸರು ಕೊಟ್ಟ ಹನ್ನೊಂದು ಮಕ್ಕಳೂ ಬಂದರು. ಕೇಳಲು ಭಯವಾಯಿತು. ಕೇಳದೆ ಎದ್ದುಹೋಗಲೂ ಆಗಲಿಲ್ಲ.

"ಗುರುಗಳೇ, ನಾನು ಗೆದ್ದ ಆ ಮೂರು ಆಟ..." ಎಂದ.

ಧರಣೇಂದ್ರಯ್ಯನವರು ಆಗ ತಲೆಯೆತ್ತಿ ಅವನನ್ನು ನೋಡಿದರು.

"ಮೂರರಲ್ಲಿ ಒಂದನ್ನು ನೀನೇ ಗೆದ್ದೆ, ಅದು ಯಾವುದೆಂದು ಹೇಳು, ಈಗಲೇ ಹೂಂ ಎನ್ನುತ್ತೇನೆ."