ಮಂಗವ್ವ ಕೇಳಿದ ಹಬ್ಬದ ಉಡುಗೊರೆ

ಬನ್ರಪ್ಪಾ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಸಂಪಿಗೆದುರ್ಗ ಅಂತ ಒಂದು ರಾಜ್ಯ. ಅಲ್ಲೊಬ್ಬ ದೊರೆ, ದುಂಡಪ್ಪರಸ. ಮಗಳು ಚೆಲುವಾಂಬೆ ಅಂದ್ರೆ ಅವನಿಗೆ ಪ್ರಾಣ. ದೀಪಾವಳಿ ಬಂತೋ, ಅವಳಿಗೊಂದು ಜೀವಂತ ಮರಿ ಉಡುಗೊರೆ ಬರಲೇಬೇಕು.

ಮೊದಲ ವರ್ಷ ಮೊಲದ ಮರಿ ಬಂತು. ಹುಡುಗಿ ಅದನ್ನು ಎತ್ತಿಕೊಂಡು ಕುಣಿದದ್ದೇ ಕುಣಿದದ್ದು. ಹಬ್ಬ ಮುಗಿಯಿತು, ಮರಿ ಮರೆತುಹೋಯಿತು. ಮೂಲೆಯಲ್ಲಿ ಹಸಿದು ಸತ್ತಿತು.

ಮರುವರ್ಷ ಬಾತುಮರಿ ಬಂತು. ಅದಕ್ಕೆ ಪ್ರೀತಿಯಿಂದ ಹೋಳಿಗೆ ತಿನ್ನಿಸಿದಳು. ಅದೂ ಸತ್ತಿತು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡ ಕಂದಾ, ಸತ್ತರೆ ಬೇರೆ ತರಿಸ್ತೀನಿ," ಅಂದ ದೊರೆ.

ಮೂರನೇ ವರ್ಷ ಕಾಡಿನಿಂದ ಕೋತಿಮರಿ ಬಂತು. ಕೊರಳಿಗೆ ರೇಷ್ಮೆ ದಾರ, ಕಾಲಿಗೆ ಗೆಜ್ಜೆ. ಮರಿ ಏನನ್ನೂ ಮುಟ್ಟದೆ ಕೀಂ ಕೀಂ ಅಂತ ಅಳುತ್ತಿತ್ತು. ಹಿಂದೆಯೇ ಅದರ ತಾಯಿ ಓಡಿಬಂದು ಅರಮನೆ ಬಾಗಿಲಲ್ಲಿ ಕೈಮುಗಿದು ನಿಂತಳು.

"ದೊರೆಯೇ, ನನ್ನ ಕೂಸು ಕೊಡಪ್ಪಾ. ಇನ್ನೂ ಹಾಲು ಬಿಟ್ಟಿಲ್ಲ."

ದೊರೆ ಹೊಟ್ಟೆ ಕುಲುಕಿಸಿ ನಕ್ಕ. "ಉಡುಗೊರೆ ವಾಪಸ್ ಕೇಳ್ತಾರೇನೇ ಮಂಗವ್ವ? ಹೋಗು, ಇನ್ನೊಂದು ಹೆತ್ಕೋ!"

ಒಳಗಿದ್ದ ರಾಣಿಗೆ ಈ ಮಾತು ಕೇಳಿಸಿತು. ಅವಳ ಮಡಿಲಲ್ಲಿ ಇನ್ನೂ ಅಂಬೆಗಾಲಿಡದ ಗಂಡುಕೂಸು. ಮಂಗವ್ವನನ್ನು ಹಿತ್ತಲಿಗೆ ಕರೆದಳು. ಇಬ್ಬರು ತಾಯಂದಿರೂ ಏನೋ ಪಿಸುಗುಟ್ಟಿದರು.

ಸ್ವಲ್ಪ ಹೊತ್ತಿಗೆ ದೊರೆ ಮಗನನ್ನು ಮುದ್ದಾಡಲು ಬಂದರೆ ತೊಟ್ಟಿಲು ಖಾಲಿ! ಹಿತ್ತಲ ಜಗಲಿಯ ಮೇಲೆ ಮಂಗವ್ವ ಕೂತಿದ್ದಾಳೆ, ತೊಡೆಯ ಮೇಲೆ ರಾಜಕುಮಾರ! ದೊರೆ ಎರಡೂ ಕೈ ಚಾಚಿ ಓಡಿದ.

"ಅಯ್ಯೋ, ಕೊಡೇ ನನ್ನ ಮಗನ್ನ!"

"ಉಡುಗೊರೆ ವಾಪಸ್ ಕೇಳ್ತಾರಾ ದೊರೆಯೇ? ನಮ್ಮನೇಲೂ ಹಬ್ಬ. ನನ್ನ ದೊಡ್ಡ ಮಗಳು ಆಡಿಕೊಳ್ಳಲಿ."

"ಅವನಿಗೆ ಹಾಲು ಬೇಕು, ಅಮ್ಮ ಬೇಕು! ಕಾಡಲ್ಲಿ ಸತ್ತೇಹೋಗ್ತಾನೆ!"

"ಸತ್ತರೆ ಬೇರೆ ತಂದರಾಯ್ತು."

"ಯಾರೇ ನಿನಗೆ ಇವನನ್ನ ಕೊಟ್ಟಿದ್ದು?" ದೊರೆ ಗುಡುಗಿದ.

"ನಾನೇ," ಅಂದಳು ಬಾಗಿಲಿಗೊರಗಿ ನಿಂತಿದ್ದ ರಾಣಿ.

ದೊರೆಗೆ ತಾನಾಡಿದ ಮಾತು ನೆನಪಾಯಿತು. ತಲೆ ತಾನಾಗಿ ಬಾಗಿತು. ಅಷ್ಟರಲ್ಲಿ ಚೆಲುವಾಂಬೆ ಓಡಿಹೋಗಿ ಮರಿಯ ದಾರ ಬಿಚ್ಚಿ, ಗೆಜ್ಜೆ ಕಳಚಿ, ಅದನ್ನು ತಾಯಿಯ ಎದೆಗೊಪ್ಪಿಸಿದಳು. ಮಂಗವ್ವ ರಾಜಕುಮಾರನನ್ನು ರಾಣಿಯ ಕೈಗಿತ್ತು, ತನ್ನ ಕೂಸನ್ನು ಅವಚಿಕೊಂಡು ಸರಸರ ಮರವೇರಿದಳು.

ಮುಂದಿನ ದೀಪಾವಳಿಗೆ ದೊರೆ ಮಗಳಿಗೆ ಕೊಟ್ಟದ್ದು ಕಂಚಿನ ಜಾಗಟೆ. ಅವಳು ಬಡಿದ ಬಡಿತಕ್ಕೆ ಅರಮನೆಯವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡರು. ದೊರೆ ಮಾತ್ರ "ಬಡಿ ಕಂದಾ, ಇನ್ನೂ ಜೋರಾಗಿ ಬಡಿ" ಅಂತಿದ್ದ. ಜಾಗಟೆಗೆ ಹಸಿವಾಗಲ್ಲ. ಅದಕ್ಕಾಗಿ ಯಾವ ತಾಯಿಯೂ ಬಾಗಿಲಿಗೆ ಬಂದು ಅಳಲ್ಲ.

ನೀತಿ ಇಷ್ಟೇ ಮಕ್ಕಳೇ: ಜೀವ ಇರೋದು ಆಟದ ಸಾಮಾನಲ್ಲ. ಹಬ್ಬ ಮುಗಿದ ಮೇಲೂ ನೋಡಿಕೊಳ್ಳೋರಿಲ್ಲದ ಮನೆಗೆ ಮರಿ ಕೊಡಬಾರದು, ತಾಯಿಯ ಮಡಿಲಿಂದ ಕಿತ್ತಂತೂ ಯಾರಿಗೂ ಕೊಡಬಾರದು.